ಹುವೆ ನಗರದಲ್ಲಿ ಬೈಕ್ ಮೇಲೆ ಬೀದಿ ತಿಂಡಿ ಪ್ರವಾಸ: ಕೊಟ್ಟ ದುಡ್ಡಿಗೆ ಸಿಕ್ಕಿದ್ದೇನು?

ಮಧ್ಯ ವಿಯೆಟ್ನಾಮಿನ ಹುವೆ ನಗರಕ್ಕೆ ಹೋಗುವವರ ಮುಂದೆ ಪ್ರವಾಸಿ ಸಂಸ್ಥೆಗಳು ತಪ್ಪದೆ ಇಡುವ ಒಂದು ಆಯ್ಕೆಯೆಂದರೆ ಸಂಜೆಯ ಬೈಕ್ ತಿಂಡಿ ಪ್ರವಾಸ. ಮಾರ್ಗದರ್ಶಿಯೊಬ್ಬರು ಹೋಟೆಲಿನ ಬಾಗಿಲಿಗೇ ಬೈಕ್ ತಂದು, ನಮ್ಮನ್ನು ಹಿಂದೆ ಕೂರಿಸಿಕೊಂಡು, ಸುಮಾರು ನಾಲ್ಕು ಗಂಟೆ ಗಲ್ಲಿಯಿಂದ ಗಲ್ಲಿಗೆ ಸುತ್ತಿಸಿ, ಏಳೆಂಟು ಬಗೆಯ ತಿನಿಸುಗಳನ್ನು ತಿನ್ನಿಸಿ, ರಾತ್ರಿ ಮತ್ತೆ ಅದೇ ಬಾಗಿಲಲ್ಲಿ ಇಳಿಸಿ ಹೋಗುತ್ತಾರೆ. ನಾನೂ ನನ್ನ ಪತ್ನಿಯೂ ಇಂಥದೊಂದು ಪ್ರವಾಸವನ್ನು ವಿಯೆಟ್ನಾಮಿನ ಹಣದಲ್ಲಿ ತಲಾ ಏಳು ಲಕ್ಷ ಡಾಂಗ್‌ ಆಸುಪಾಸಿನ ದರಕ್ಕೆ ಕಾದಿರಿಸಿದ್ದೆವು. ಸಂಸ್ಥೆಯ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಈ ಬಗೆಯ ಸೇವೆಯಲ್ಲಿ ಸಂಸ್ಥೆಗಿಂತ ಆ ಸಂಜೆ ಬೈಕ್ ಓಡಿಸುವ ವ್ಯಕ್ತಿಯೇ ಮುಖ್ಯವೆಂಬುದು ನನ್ನ ಖಚಿತ ಅಭಿಪ್ರಾಯ. ಹಾಗೇಕೆ ಎಂಬುದನ್ನು ವಿವರಿಸುವುದಕ್ಕಾಗಿಯೇ ಈ ವಿಮರ್ಶೆ ಇಷ್ಟು ಉದ್ದವಾಗಿದೆ.

ಮೊದಲು ಲೆಕ್ಕದ ಮಾತು. ಹುವೆಯಲ್ಲಿ ಬೀದಿ ತಿಂಡಿ ದುಬಾರಿಯಲ್ಲ. ಒಂದು ಬಟ್ಟಲು ನೂಡಲ್ಸ್ ಸಾರು ನಲವತ್ತು ಐವತ್ತು ಸಾವಿರ ಡಾಂಗ್‌ಗೆ ಸಿಗುತ್ತದೆ, ಒಂದು ಲೋಟ ಸಿಹಿ ಪಾಯಸ ಇಪ್ಪತ್ತು ಸಾವಿರದೊಳಗೆ ಮುಗಿಯುತ್ತದೆ, ಕಾಫಿಗೆ ಮೂವತ್ತು ಸಾವಿರ ಕೊಟ್ಟರೆ ಹೆಚ್ಚಾಯಿತು. ನಮಗೆ ಆ ಸಂಜೆ ತಿನ್ನಿಸಿದ ಎಲ್ಲವನ್ನೂ ನಾವೇ ಹೋಗಿ ಕೊಂಡು ತಿಂದಿದ್ದರೆ ಒಬ್ಬರಿಗೆ ಎರಡು ಲಕ್ಷ ಡಾಂಗ್ ದಾಟುತ್ತಿರಲಿಲ್ಲ. ಹಾಗಾದರೆ ಉಳಿದ ಐದು ಲಕ್ಷ ಯಾವುದಕ್ಕೆ? ಪೆಟ್ರೋಲಿಗೆ, ಬೈಕಿಗೆ, ಸಂಸ್ಥೆಯ ಪಾಲಿಗೆ ಎಂದು ಒಂದಷ್ಟು ತೆಗೆದಿಟ್ಟರೂ ಬಹುಪಾಲು ಹೋಗುವುದು ಮಾರ್ಗದರ್ಶಿಯ ತಿಳಿವಳಿಕೆಗೆ: ಯಾವ ಅಂಗಡಿ, ಯಾವ ಹೊತ್ತಿಗೆ, ಎಷ್ಟು ಪ್ರಮಾಣ, ಯಾವುದರ ಜೊತೆ ಯಾವುದು, ಕೈಯಲ್ಲಿ ಹೇಗೆ ಹಿಡಿದು ತಿನ್ನಬೇಕು ಎಂಬ ತಿಳಿವಳಿಕೆಗೆ. ಅದು ಸಿಕ್ಕರೆ ದರ ನ್ಯಾಯವಾದದ್ದು, ಸಿಗದಿದ್ದರೆ ದುಬಾರಿ. ನಮಗೆ ಹೆಚ್ಚುಕಡಿಮೆ ಸಿಕ್ಕಿತು, ಕೆಲವು ಗಂಭೀರವಾದ ಕೊರತೆಗಳೊಂದಿಗೆ.

ಹುವೆ 1802ರಿಂದ 1945ರವರೆಗೆ ನ್ಗುಯೆನ್ ರಾಜವಂಶದ ರಾಜಧಾನಿಯಾಗಿತ್ತು. ಅರಮನೆಯ ಅಡುಗೆಯ ಪ್ರಭಾವವೆಂದು ಊರಿನವರು ಹೇಳಿಕೊಳ್ಳುವ ಒಂದು ಗುಣ ಇಲ್ಲಿನ ಬೀದಿ ತಿಂಡಿಯಲ್ಲಿ ಇಂದಿಗೂ ಕಾಣುತ್ತದೆ: ಎಲ್ಲವೂ ಸಣ್ಣ ಸಣ್ಣ ಪ್ರಮಾಣದಲ್ಲಿ, ಒಪ್ಪವಾಗಿ, ಒಂದೊಂದಕ್ಕೂ ಅದರದೇ ನಂಚಿಕೆಯೊಡನೆ ಬರುತ್ತದೆ. ಒಂದೇ ಕಡೆ ಕುಳಿತು ಹೊಟ್ಟೆ ತುಂಬಿಸಿಕೊಳ್ಳುವ ಬದಲು ಅಲ್ಲೊಂದು ತುತ್ತು, ಇಲ್ಲೊಂದು ತುತ್ತು ಎಂದು ಸುತ್ತಾಡಿ ತಿನ್ನುವುದಕ್ಕೆ ಹೇಳಿಮಾಡಿಸಿದ ಊರಿದು. ಬೈಕ್ ಬೇಕಾಗುವುದು ಈ ಕಾರಣಕ್ಕೆ. ಹುವೊಂಗ್ ನದಿಯ ದಕ್ಷಿಣ ದಡದಲ್ಲಿ ಹೋಟೆಲುಗಳೂ ಪ್ರವಾಸಿಗರೂ ಇದ್ದರೆ, ಉತ್ತರ ದಡದಲ್ಲಿ ಡೊಂಗ್ ಬಾ ಮಾರುಕಟ್ಟೆಯೂ ಹಳೆಯ ಕೋಟೆಯೂ ಇವೆ. ತಿನ್ನಬೇಕಾದದ್ದು ಎರಡೂ ಕಡೆ ಹಂಚಿಹೋಗಿದೆ. ನಡೆದರೆ ನಾಲ್ಕು ನಿಲುಗಡೆಗೆ ಕಾಲು ಸೋಲುತ್ತದೆ, ಕಾರಿನಲ್ಲಿ ಹೋದರೆ ಗಲ್ಲಿಯ ಬಾಯಲ್ಲೇ ನಿಲ್ಲಬೇಕಾಗುತ್ತದೆ.

ಕೋಟೆಯ ಒಳಕ್ಕೆ ಬೈಕಿನಲ್ಲಿ ನುಗ್ಗುವ ಅನುಭವವನ್ನು ಮಾತ್ರ ಪ್ರತ್ಯೇಕವಾಗಿ ಹೇಳಬೇಕು. ಜಿಯಾ ಲಾಂಗ್ ದೊರೆ 1805ರಲ್ಲಿ ಆರಂಭಿಸಿ ಮಿನ್ ಮಾಂಗ್ ದೊರೆಯ ಕಾಲದಲ್ಲಿ, 1832ರಲ್ಲಿ ಮುಗಿದ ಈ ಇಟ್ಟಿಗೆ ಕೋಟೆಯ ಸುತ್ತಳತೆ ಸುಮಾರು ಹತ್ತು ಕಿಲೋಮೀಟರ್. ಅದರ ಬಾಗಿಲುಗಳು ಕಮಾನಿನಾಕಾರದ ಕಿರಿದಾದ ಸುರಂಗಗಳಂತಿದ್ದು, ಎದುರಿನಿಂದ ಬರುವ ದೀಪಗಳನ್ನು ನೋಡಿಕೊಂಡು ಸರದಿಯಲ್ಲಿ ದಾಟಬೇಕು. ಒಳಗೆ ಅರಮನೆಯ ಆವರಣವಷ್ಟೇ ಇರುತ್ತದೆ ಎಂದುಕೊಂಡವರಿಗೆ ಅಲ್ಲಿ ಶಾಲೆ, ಕೆರೆ, ಮನೆ, ಕ್ಷೌರದಂಗಡಿ, ಮಕ್ಕಳ ಗಲಾಟೆ ಎಲ್ಲ ಇರುವ ಇಡೀ ಊರೊಂದು ಎದುರಾಗುತ್ತದೆ. ಕೋಟೆಗೋಡೆಯ ಮೇಲೆಯೇ ಮನೆ ಕಟ್ಟಿಕೊಂಡಿದ್ದ ಸಾವಿರಾರು ಕುಟುಂಬಗಳನ್ನು 2019ರಿಂದೀಚೆಗೆ ಬೇರೆಡೆಗೆ ಸ್ಥಳಾಂತರಿಸುತ್ತ ಬಂದಿರುವ ವಿಷಯವನ್ನು ನಮ್ಮ ಮಾರ್ಗದರ್ಶಿ ಗೋಡೆಯ ಪಕ್ಕದಲ್ಲಿ ಬೈಕ್ ನಿಲ್ಲಿಸಿ ವಿವರಿಸಿದರು. ತಿಂಡಿಗೆ ಸಂಬಂಧವಿಲ್ಲದ ಮಾತು ಎನಿಸಬಹುದು. ಆದರೆ ರಸ್ತೆಬದಿಯಲ್ಲಿ ಒಲೆ ಹೂಡಿದವರು ಯಾರು, ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತಿದ್ದಾರೆ ಎಂಬುದು ತಿಳಿಯದೆ ಬೀದಿ ತಿಂಡಿಯ ಬಗ್ಗೆ ತಿಳಿದದ್ದು ಅರ್ಧವೇ.

ನಾವೇ ಬಾಡಿಗೆಗೆ ಬೈಕ್ ತೆಗೆದುಕೊಂಡು ಸುತ್ತಬಾರದೇ ಎಂದು ಕೇಳುವವರಿಗೆ ಕಾನೂನು ಅಡ್ಡ ಬರುತ್ತದೆ. ವಿಯೆಟ್ನಾಂ ಮಾನ್ಯ ಮಾಡುವುದು 1968ರ ವಿಯೆನ್ನಾ ಒಪ್ಪಂದದಡಿ ಕೊಟ್ಟ ಅಂತರರಾಷ್ಟ್ರೀಯ ಚಾಲನಾ ಪರವಾನಗಿಯನ್ನು; ಭಾರತದಲ್ಲಿ ಕೊಡುವುದು 1949ರ ಜಿನೀವಾ ಒಪ್ಪಂದದ್ದು. ಹೋಟೆಲಿನವರು ಪಾಸ್‌ಪೋರ್ಟ್ ನೋಡಿ ಬೈಕಿನ ಕೀಲಿ ಕೊಟ್ಟುಬಿಡುತ್ತಾರೆ ಎಂಬುದು ನಿಜ, ಆದರೆ ಅಪಘಾತವಾದಾಗ ಪರವಾನಗಿಯಿಲ್ಲದ ಸವಾರನಿಗೆ ವಿಮೆ ಸಂಸ್ಥೆ ಕೈಯೆತ್ತುವುದೂ ಅಷ್ಟೇ ನಿಜ. ಹಾಗಾಗಿ ಸ್ಥಳೀಯ ಪರವಾನಗಿ ಇರುವವರ ಹಿಂದೆ ಕೂರುವುದೇ ಸರಿಯಾದ ದಾರಿ. ನಿಮ್ಮ ಪ್ರವಾಸ ವಿಮೆ ಬೈಕಿನ ಹಿಂಬದಿ ಸವಾರರಿಗೂ ಅನ್ವಯಿಸುತ್ತದೆಯೇ ಎಂಬುದನ್ನು ಹೊರಡುವ ಮೊದಲೇ ಓದಿಕೊಳ್ಳುವುದು ಒಳ್ಳೆಯದು. ಕೆಲವು ವಿಮೆಗಳು ದ್ವಿಚಕ್ರ ವಾಹನವನ್ನೇ ಹೊರಗಿಡುತ್ತವೆ.

ಹೆಲ್ಮೆಟ್ ಅಲ್ಲಿ 2007ರ ಡಿಸೆಂಬರ್ 15ರಿಂದ ಎಲ್ಲ ರಸ್ತೆಗಳಲ್ಲೂ ಸವಾರರಿಬ್ಬರಿಗೂ ಕಡ್ಡಾಯ. ಸಂಸ್ಥೆ ಕೊಟ್ಟ ಹೆಲ್ಮೆಟ್‌ಗಳು ಸ್ವಚ್ಛವಾಗಿದ್ದವು, ಒಳಗೆ ಹಾಕಿಕೊಳ್ಳಲು ಕಾಗದದ ಟೋಪಿಯನ್ನೂ ಕೊಟ್ಟರು. ಆದರೆ ಅವು ಕಿವಿಯ ಮೇಲಕ್ಕೇ ನಿಲ್ಲುವ ಅರ್ಧ ಹೆಲ್ಮೆಟ್‌ಗಳು, ನನ್ನ ಪತ್ನಿಗೆ ಕೊಟ್ಟದ್ದರ ಪಟ್ಟಿ ಸಡಿಲವಾಗಿತ್ತು. ಕೇಳಿದಾಗ ತಕ್ಷಣ ಬೇರೆಯದು ತಂದುಕೊಟ್ಟರಾದರೂ, ಕೇಳದೆಯೇ ನೋಡಬೇಕಾದ ವಿಷಯವಿದು. ಕುಡಿದು ಓಡಿಸುವ ವಿಚಾರದಲ್ಲಿ ಅಲ್ಲಿನ ಕಾನೂನು 2020ರಿಂದ ಬಹಳ ಬಿಗಿ: ರಕ್ತದಲ್ಲಿ ಮದ್ಯದ ಅಂಶ ಒಂದಿಷ್ಟೂ ಇರುವಂತಿಲ್ಲ. ಪ್ರವಾಸಿಗರಿಗೆ ಬಿಯರ್ ಕೊಡಿಸಿ ತಾನು ಐಸ್ ಹಾಕಿದ ಚಹಾ ಕುಡಿಯುವ ಮಾರ್ಗದರ್ಶಿಯನ್ನು ನಂಬಬಹುದು. ತಾನೂ ಒಂದು ಗುಟುಕು ಹಾಕುವವನ ಬೈಕಿನಿಂದ ಅಲ್ಲೇ ಇಳಿದುಬಿಡಿ.

ಹಿಂದೆ ಕೂರುವುದಕ್ಕೂ ಒಂದಿಷ್ಟು ತಿಳಿದಿರಬೇಕು. ಬೈಕಿನ ಬಲಗಡೆಯ ಸೈಲೆನ್ಸರ್ ಕಾದು ಕೆಂಡವಾಗಿರುತ್ತದೆ. ಗಿಡ್ಡ ಚಡ್ಡಿ ಹಾಕಿಕೊಂಡು ಬಲಗಡೆಗೆ ಇಳಿಯುವ ಪ್ರವಾಸಿಗರ ಮೀನಖಂಡದ ಮೇಲೆ ಅದರ ಗುರುತು ಉಳಿಯುವುದು ಅಲ್ಲಿ ಮಾಮೂಲು. ಎಡಗಡೆಯಿಂದ ಹತ್ತಿ ಎಡಗಡೆಯಿಂದಲೇ ಇಳಿಯಿರಿ, ಉದ್ದ ಪ್ಯಾಂಟು ಹಾಕಿಕೊಳ್ಳಿ. ಸಂಚಾರ ರಸ್ತೆಯ ಬಲಬದಿಯಲ್ಲಿ ಸಾಗುವುದರಿಂದ ಮೊದಲ ಹತ್ತು ನಿಮಿಷ ಪ್ರತಿ ತಿರುವಿನಲ್ಲೂ ಎದೆ ಧಸಕ್ಕೆನ್ನುತ್ತದೆ. ಹೋ ಚಿ ಮಿನ್ ನಗರದ ಬೈಕ್ ಪ್ರವಾಹಕ್ಕೆ ಹೋಲಿಸಿದರೆ ಹುವೆಯ ರಸ್ತೆಗಳು ಶಾಂತವೆಂದೇ ಹೇಳಬೇಕು, ಇಲ್ಲಿನ ಮಾರ್ಗದರ್ಶಿಗಳು ಓಡಿಸುವುದೂ ನಿಧಾನವಾಗಿಯೇ.

ಇನ್ನು ತಿಂಡಿಯ ಮಾತು. ಮೊದಲ ನಿಲುಗಡೆ ಬಾನ್ ಬೆಯೊ, ಬಾನ್ ನಾಮ್, ಬಾನ್ ಬೋತ್ ಲೋಕ್ ಎಂಬ ಮೂರು ಹಬೆ ತಿನಿಸುಗಳದ್ದು. ಇಡೀ ಸಂಜೆಯಲ್ಲಿ ಅತ್ಯುತ್ತಮವಾದದ್ದೂ ಇದೇ. ಬಾನ್ ಬೆಯೊ ಎಂದರೆ ಅಂಗೈಯಲ್ಲಿ ಅಡಗುವಷ್ಟು ಸಣ್ಣ ಪಿಂಗಾಣಿ ತಟ್ಟೆಗಳಲ್ಲಿ ಅಕ್ಕಿ ಹಿಟ್ಟಿನ ತೆಳು ಸಂಪಣವನ್ನು ಹುಯ್ದು ಹಬೆಯಲ್ಲಿ ಬೇಯಿಸಿ, ಮೇಲೆ ಒಣಸೀಗಡಿಯ ಪುಡಿ, ಈರುಳ್ಳಿ ಸೊಪ್ಪಿನ ಎಣ್ಣೆ, ಗರಿಗರಿಯಾಗಿ ಕರಿದ ಹಂದಿ ಚರ್ಮದ ತುಣುಕು ಉದುರಿಸಿ ಕೊಡುವುದು. ಹತ್ತು ಹನ್ನೆರಡು ತಟ್ಟೆಗಳನ್ನು ದೊಡ್ಡ ಹರಿವಾಣದಲ್ಲಿ ಜೋಡಿಸಿ ತಂದಿಡುತ್ತಾರೆ. ನಾನು ಚಾಪ್‌ಸ್ಟಿಕ್‌ಗೆ ಕೈ ಹಾಕುತ್ತಿದ್ದಂತೆ ಮಾರ್ಗದರ್ಶಿ ತಡೆದು, ಮೊದಲು ಸಿಹಿ ಬೆರೆಸಿದ ತಿಳಿಯಾದ ಮೀನಿನ ರಸವನ್ನು ಪ್ರತಿ ತಟ್ಟೆಗೂ ಅರ್ಧ ಚಮಚದಂತೆ ಹನಿಸಿದರು. ಬಳಿಕ ಬಿದಿರಿನ ಚಪ್ಪಟೆ ಸೀಳೊಂದನ್ನು ತಟ್ಟೆಯ ಅಂಚಿನುದ್ದಕ್ಕೂ ಒಂದು ಸುತ್ತು ಆಡಿಸಿ, ಬಿಳಿಯ ಬಿಲ್ಲೆಯನ್ನು ಎಬ್ಬಿಸಿ, ಅರ್ಧಕ್ಕೆ ಮಡಚಿ, ಒಳಗಿನ ಪುಡಿ ಚೆಲ್ಲದಂತೆ ಒಂದೇ ಬಾರಿಗೆ ಬಾಯಿಗಿಡುವುದನ್ನು ತೋರಿಸಿದರು. ಮೆತ್ತಗಿನದರ ನಡುವೆ ಗರಿಗರಿ, ಉಪ್ಪಿನ ನಡುವೆ ಒಂದು ಎಳೆ ಸಿಹಿ. ಚಾಪ್‌ಸ್ಟಿಕ್‌ನಲ್ಲಿ ಕೆದಕಿ ತಿಂದಿದ್ದರೆ ಅದು ಚೂರುಚೂರಾಗಿ, ಬರೀ ಹಿಟ್ಟಿನ ರುಚಿ ಉಳಿಯುತ್ತಿತ್ತು. ನಾನು ದುಡ್ಡು ಕೊಟ್ಟದ್ದು ಇದಕ್ಕೆ ಎಂದು ಆಗಲೇ ಮನವರಿಕೆಯಾಯಿತು.

ಬಾನ್ ನಾಮ್ ಅಕ್ಕಿ ಹಿಟ್ಟನ್ನು ಸೀಗಡಿಯೊಡನೆ ಬಾಳೆ ಎಲೆಯಲ್ಲಿ ಚಪ್ಪಟೆಯಾಗಿ ಮಡಚಿ ಬೇಯಿಸಿದ್ದು. ನಮ್ಮ ಅರಿಸಿನ ಎಲೆಯ ಕಡುಬನ್ನು ಬಲ್ಲವರಿಗೆ ಎಲೆ ಬಿಚ್ಚುವಾಗಿನ ಪರಿಮಳವೇ ಪರಿಚಯದ್ದೆನಿಸುತ್ತದೆ, ಬಾಯಿಗಿಟ್ಟ ಮೇಲೆ ಮಾತ್ರ ಅದು ಸಮುದ್ರದ ತಿಂಡಿ. ಬಾನ್ ಬೋತ್ ಲೋಕ್ ಮರಗೆಣಸಿನ ಪಿಷ್ಟದ್ದು, ಒಳಗಿನ ಸೀಗಡಿಯ ಕೆಂಪು ಹೊರಗೆ ಕಾಣುವಷ್ಟು ಪಾರದರ್ಶಕ. ಜಗಿದಷ್ಟೂ ಜಗಿಯಬೇಕಾದ ಅದರ ಅಂಟು ಎಲ್ಲರಿಗೂ ಹಿಡಿಸಲಾರದು. ನನಗೆ ಎರಡಕ್ಕೆ ಸಾಕೆನಿಸಿತು.

ಎರಡನೆಯ ನಿಲುಗಡೆಯಲ್ಲಿ ಬಾನ್ ಖ್ವಾಯ್ ಮತ್ತು ನೆಮ್ ಲುಯಿ. ಬಾನ್ ಖ್ವಾಯ್ ದಕ್ಷಿಣದ ಬಾನ್ ಸೆಯೊ ಎಂಬ ದೊಡ್ಡ ದೋಸೆಯ ಹುವೆ ರೂಪ: ಗಾತ್ರ ಚಿಕ್ಕದು, ದಪ್ಪ ಹೆಚ್ಚು, ಉದ್ದ ಹಿಡಿಯ ಪುಟ್ಟ ಕಬ್ಬಿಣದ ಬಾಣಲೆಗಳಲ್ಲಿ ಎಣ್ಣೆ ಧಾರಾಳವಾಗಿ ಬಿಟ್ಟು ಕರಿದಂತೆ ಬೇಯಿಸುತ್ತಾರೆ. ಒಳಗೆ ಸೀಗಡಿ, ಹಂದಿಮಾಂಸ, ಮೊಳಕೆ ಕಾಳು, ಮೊಟ್ಟೆ. ಅದಕ್ಕೆ ಜೊತೆಯಾಗುವುದು ಯಕೃತ್ತು, ಕಡಲೆಬೀಜ, ಎಳ್ಳು, ಸೋಯಾ ಹುದುಗುಹಿಟ್ಟು ಸೇರಿಸಿ ಕುದಿಸಿದ ನುವೊಕ್ ಲೆಯೊ ಎಂಬ ಗಟ್ಟಿ ಸಾರು. ಈ ಸಾರಿನಲ್ಲೇ ಅಂಗಡಿಯ ಹಣೆಬರಹ ಇರುವುದು, ದೋಸೆಯಲ್ಲಲ್ಲ. ನಾವು ಹೋದ ಅಂಗಡಿಯ ದೋಸೆ ಬಿಸಿಯಾಗಿ ಚೆನ್ನಾಗಿತ್ತು, ಸಾರು ನೀರುನೀರಾಗಿತ್ತು. ಅಲ್ಲಿ ಕುಳಿತವರೆಲ್ಲ ಮಡಿಲಲ್ಲಿ ಹೆಲ್ಮೆಟ್ ಇಟ್ಟುಕೊಂಡ ವಿದೇಶಿಯರೇ ಎಂಬುದನ್ನು ನೋಡಿದಾಗ ಅದರ ಕಾರಣವೂ ಊಹೆಗೆ ಬಂತು: ನಂಚಿಕೆಯ ಬಗ್ಗೆ ತಕರಾರು ತೆಗೆಯುವ ಊರಿನ ಗಿರಾಕಿ ಅಲ್ಲಿಗೆ ಬರುವುದನ್ನು ಬಿಟ್ಟಿರಬೇಕು. ಇಡೀ ಸಂಜೆಯಲ್ಲಿ ಇದೊಂದೇ ಪ್ರವಾಸಿಗರಿಗೆಂದೇ ಇಟ್ಟಂತಿದ್ದ ಜಾಗ. ಮಾರ್ಗದರ್ಶಿಯೂ ಅಲ್ಲಿ ಹೆಚ್ಚು ಮಾತಾಡಲಿಲ್ಲ. ಸಂಸ್ಥೆ ಗೊತ್ತುಮಾಡಿದ ಅಂಗಡಿ ಎಂಬುದು ಮುಖ ನೋಡಿದರೆ ತಿಳಿಯುವಂತಿತ್ತು.

ನೆಮ್ ಲುಯಿ ಮಾತ್ರ ಆ ನಿಲುಗಡೆಯ ಮಾನ ಉಳಿಸಿತು. ಅರೆದ ಹಂದಿಮಾಂಸವನ್ನು ಕಡ್ಡಿಗೆ ಮೆತ್ತಿ ಕೆಂಡದ ಮೇಲೆ ಸುಟ್ಟದ್ದು ಇದು. ಅಂಗೈಯಲ್ಲಿ ಅಕ್ಕಿಯ ತೆಳು ಹಾಳೆ ಹಾಸಿ, ಸೊಪ್ಪು, ಹುಳಿ ಕಮರಾಕ್ಷಿ ಹಣ್ಣಿನ ಬಿಲ್ಲೆ, ವಾ ಎಂಬ ಒಗರು ಅಂಜೂರದ ಕಾಯಿಯ ಹೋಳು ಇಟ್ಟು, ಮೇಲೆ ಕಡ್ಡಿಸಮೇತ ಮಾಂಸವನ್ನು ಮಲಗಿಸಿ, ಹಾಳೆಯನ್ನು ಮುಷ್ಟಿಯಲ್ಲಿ ಬಿಗಿಯಾಗಿ ಅದುಮಿ ಹಿಡಿದು, ಇನ್ನೊಂದು ಕೈಯಿಂದ ಕಡ್ಡಿಯನ್ನು ಸರಕ್ಕನೆ ಎಳೆದುಬಿಡಬೇಕು. ಮಾಂಸ ಒಳಗೇ ಉಳಿದು ಸುರುಳಿ ಸಿದ್ಧವಾಗುತ್ತದೆ. ಒಗರು, ಹುಳಿ, ಹೊಗೆಯ ವಾಸನೆ ಮೂರೂ ಒಟ್ಟಿಗೆ ಸೇರಿದಾಗ ಆ ನೀರು ಸಾರನ್ನೂ ಕ್ಷಮಿಸಬಹುದೆನಿಸಿತು. ವಾ ಕಾಯಿ ಹುವೆಯ ಕಡೆಯ ವಿಶೇಷ. ಅದನ್ನು ಬೇಯಿಸಿ ಮಾಡುವ ಕೋಸಂಬರಿಯಂಥದೂ ಒಂದಿದೆ, ಪಟ್ಟಿಯಲ್ಲಿ ಕಂಡರೆ ಕೇಳಿ ತರಿಸಿಕೊಳ್ಳಿ.

ಇಲ್ಲಿಂದ ಮುಂದೆ ಪ್ರವಾಸದ ಯೋಜನೆಯಲ್ಲೇ ದೋಷವಿದೆ. ಊರಿನ ಹೆಸರನ್ನೇ ಹೊತ್ತ ಬುನ್ ಬೊ ಹುವೆ ಎಂಬ ನೂಡಲ್ಸ್ ಸಾರನ್ನು ಕೊನೆಯ ಊಟವಾಗಿ, ಅಂದರೆ ಐದಾರು ತಿನಿಸು ಹೊಟ್ಟೆಗಿಳಿದ ಮೇಲೆ ಇಟ್ಟಿದ್ದರು. ದನದ ಮತ್ತು ಹಂದಿಯ ಮೂಳೆಗಳನ್ನು ಮಜ್ಜಿಗೆ ಹುಲ್ಲಿನೊಡನೆ ಗಂಟೆಗಟ್ಟಲೆ ಕುದಿಸಿ, ಮಾಮ್ ರುವೊಕ್ ಎಂಬ ಹುದುಗಿಸಿದ ಸೀಗಡಿಯ ಗಾಢ ಹಿಟ್ಟಿನಿಂದ ಉಪ್ಪು ಹಿಡಿಸಿ, ರಂಗುಮಾಲೆ ಬೀಜದ ಎಣ್ಣೆಯಿಂದ ಕೆಂಪು ಬರಿಸಿ, ದುಂಡನೆಯ ದಪ್ಪ ಅಕ್ಕಿ ಶಾವಿಗೆಯ ಮೇಲೆ ಹುಯ್ಯುವ ಈ ಸಾರು ಹುವೆಯವರ ಬೆಳಗಿನ ತಿಂಡಿ. ಮುಂಜಾನೆ ಹಸಿದ ಹೊಟ್ಟೆಯಲ್ಲಿ, ಬಾಳೆಹೂವಿನ ಎಳೆಗಳನ್ನೂ ನಿಂಬೆರಸವನ್ನೂ ಸೇರಿಸಿ ಉಫ್ ಉಫ್ ಎನ್ನುತ್ತ ತಿನ್ನಬೇಕಾದದ್ದನ್ನು ರಾತ್ರಿ ಎಂಟೂವರೆಗೆ ತುಂಬಿದ ಹೊಟ್ಟೆಯ ಮೇಲೆ ಹೇರುವುದು ಅಡುಗೆಗೂ ಅನ್ಯಾಯ, ತಿನ್ನುವವರಿಗೂ ಅನ್ಯಾಯ. ನಾನು ಅರ್ಧ ಬಟ್ಟಲು ಬಿಟ್ಟೆ. ಮರುದಿನ ಬೆಳಗ್ಗೆ ಹೋಟೆಲಿನ ಪಕ್ಕದ ಮೂಲೆಯಲ್ಲಿ ಅದೇ ಸಾರನ್ನು ತಿಂದಾಗ ಅದು ಬೇರೆಯೇ ಪದಾರ್ಥವಾಗಿತ್ತು.

ಕೊಮ್ ಹೆನ್ ವಿಷಯವೂ ಹೀಗೆಯೇ. ನದಿಯ ನಡುವಿನ ಕೊನ್ ಹೆನ್ ಎಂಬ ನಡುಗಡ್ಡೆಯ ಹೆಸರಿನೊಂದಿಗೇ ಬೆಸೆದುಕೊಂಡಿರುವ, ಉಗುರಿನಷ್ಟು ಸಣ್ಣ ಸಿಹಿನೀರಿನ ಮಳಿ ಎಂಬ ಚಿಪ್ಪುಮೀನನ್ನು ತಣ್ಣನೆಯ ಅನ್ನ, ಕೆಸುವಿನ ದಂಟು, ಕಮರಾಕ್ಷಿ, ಕಡಲೆಬೀಜ, ಸುಟ್ಟ ಎಳ್ಳು, ಖಾರದ ಹಿಟ್ಟು ಇವುಗಳೊಡನೆ ಕಲಸಿ ತಿನ್ನುವ ಈ ಬಡವರ ಊಟ ಹದಿನೈದು ಇಪ್ಪತ್ತು ಸಾವಿರ ಡಾಂಗ್‌ಗೆ ಸಿಗುತ್ತದೆ. ಇದನ್ನು ಮಾರುವ ಹಲವು ಅಂಗಡಿಗಳು ಮಧ್ಯಾಹ್ನದೊಳಗೆ ಪಾತ್ರೆ ತೊಳೆದಿಟ್ಟುಬಿಡುತ್ತವೆ. ಸಂಜೆಯ ಪ್ರವಾಸದಲ್ಲಿ ಇದಕ್ಕೆ ಜಾಗವೇ ಇರಲಿಲ್ಲ. ಬೆಳಗಿನ ಪ್ರವಾಸ ನಡೆಸುವ ಸಂಸ್ಥೆಗಳೂ ಇವೆ. ಮಾಂಸಾಹಾರಿಗಳಿಗೆ ನನ್ನ ಸಲಹೆ ಬೆಳಗಿನದನ್ನೇ ಆರಿಸಿಕೊಳ್ಳಿ ಎಂದು. ಸಂಜೆ ಸಿಗುವುದು ತಂಪು ಹವೆ ಮತ್ತು 1899ರ ಆರು ಕಮಾನು ಜೋಡಿಗಳ ತ್ರಾಂಗ್ ತಿಯೆನ್ ಸೇತುವೆಯ ಬಣ್ಣಬಣ್ಣದ ದೀಪ. ದೀಪವನ್ನು ದಡದಲ್ಲಿ ನಿಂತು ಬಿಟ್ಟಿಯಾಗಿಯೇ ನೋಡಬಹುದು.

ಸಿಹಿಯ ನಿಲುಗಡೆಯ ಬಗ್ಗೆ ದೂರಿಲ್ಲ. ಚೆ ಎಂದರೆ ಕಾಳು, ಗೆಡ್ಡೆ, ಹಣ್ಣು, ಪಿಷ್ಟದ ಮುತ್ತು ಮುಂತಾದವನ್ನು ಸಕ್ಕರೆ ನೀರಿನಲ್ಲೋ ತೆಂಗಿನಹಾಲಿನಲ್ಲೋ ಬೇಯಿಸಿ, ಪುಡಿ ಐಸ್ ಹಾಕಿ ಲೋಟದಲ್ಲಿ ಕೊಡುವ ಪಾಯಸದಂಥದು. ಹುವೆಯಲ್ಲಿ ಅದರ ಬಗೆಗಳು ಹತ್ತಾರು. ಕಮಲದ ಬೀಜದ ಚೆ ಇಲ್ಲಿನ ಹೆಮ್ಮೆ, ಕೋಟೆಯೊಳಗಿನ ತಿನ್ ತಾಮ್ ಕೆರೆಯ ಕಮಲಕ್ಕೆ ಹೆಸರಿದೆ. ಸಿಹಿಯೆಂದು ಸಸ್ಯಾಹಾರಿಗಳು ಕಣ್ಣುಮುಚ್ಚಿ ಕೈಹಾಕುವಂತಿಲ್ಲ: ಹುರಿದ ಹಂದಿಮಾಂಸದ ತುಣುಕನ್ನು ಪಿಷ್ಟದ ಉಂಡೆಯೊಳಗಿಟ್ಟು ಸಕ್ಕರೆ ಪಾಕದಲ್ಲಿ ತೇಲಿಬಿಟ್ಟ ಚೆ ಕೂಡ ಅದೇ ಸಾಲಿನ ಗಾಜಿನ ಪಾತ್ರೆಯಲ್ಲಿ ಇರುತ್ತದೆ. ಕೊನೆಗೆ ಉಪ್ಪಿನ ಕಾಫಿ. 2010ರಲ್ಲಿ ಹುವೆಯಲ್ಲೇ ಹುಟ್ಟಿ ಈಗ ದೇಶವೆಲ್ಲ ಹಬ್ಬಿರುವ ಈ ಕಾಫಿಯಲ್ಲಿ ಉಪ್ಪು ಬೆರೆಸಿದ ಕೆನೆ, ಗಟ್ಟಿ ಸಿಹಿಹಾಲು, ಹನಿಹನಿಯಾಗಿ ಇಳಿದ ಕಡು ಡಿಕಾಕ್ಷನ್ ಮೂರೂ ಸೇರುತ್ತವೆ. ರಾತ್ರಿ ಒಂಬತ್ತಕ್ಕೆ ಕುಡಿದರೆ ನಿದ್ದೆ ಹಾರಿಹೋಗುತ್ತದೆ ಎಂಬುದಷ್ಟೇ ತಕರಾರು.

ಈಗ ಸಸ್ಯಾಹಾರಿಗಳ ವಿಷಯ, ನನ್ನ ಮುಖ್ಯ ದೂರು ಇರುವುದು ಇಲ್ಲೇ. ನನ್ನ ಪತ್ನಿ ಮೊಟ್ಟೆಯನ್ನೂ ತಿನ್ನದ ಸಸ್ಯಾಹಾರಿ. ಕಾದಿರಿಸುವಾಗ ಅರ್ಜಿಯಲ್ಲಿ ಸಸ್ಯಾಹಾರ ಎಂದು ಗುರುತು ಹಾಕಿ, ಪ್ರತ್ಯೇಕವಾಗಿ ಸಂದೇಶವನ್ನೂ ಕಳಿಸಿದ್ದೆವು. ಆಗಲಿ ಎಂಬ ಉತ್ತರವೂ ಬಂದಿತ್ತು. ಆದರೆ ಮೊದಲ ಎರಡು ನಿಲುಗಡೆಗಳಲ್ಲಿ ಅವಳಿಗೆ ಸಿಕ್ಕಿದ್ದು ಮೇಲಿನದನ್ನೆಲ್ಲ ಕೆರೆದು ತೆಗೆದ ಬಾನ್ ಬೆಯೊ ಮತ್ತು ಒಂದು ತಟ್ಟೆ ಸೊಪ್ಪು. ದರದಲ್ಲಿ ಒಂದು ಡಾಂಗ್ ಕಡಿಮೆಯಿಲ್ಲ. ಸಂಸ್ಥೆಯ ಕಚೇರಿಯಲ್ಲಿ ಕುಳಿತವರಿಗೆ ಸಸ್ಯಾಹಾರ ಎಂದರೆ ತಟ್ಟೆಯಿಂದ ಮಾಂಸವನ್ನು ಎತ್ತಿಡುವುದು, ಅಷ್ಟೇ.

ಇದು ಬೇಸರ ತರಿಸುವುದು ಹುವೆಯಂಥ ಊರಿನಲ್ಲಿ ಹೀಗಾದದ್ದಕ್ಕೆ. 1601ರಲ್ಲಿ ಸ್ಥಾಪನೆಯಾದ ಥಿಯೆನ್ ಮು ಪಗೋಡದಿಂದ ಹಿಡಿದು ಗಲ್ಲಿಗೊಂದರಂತೆ ಬೌದ್ಧ ಮಂದಿರಗಳಿರುವ ಈ ಊರಿನಲ್ಲಿ ಚಾಯ್ ಎಂದು ಕರೆಯುವ ಸಸ್ಯಾಹಾರದ ಪರಂಪರೆ ಬಹಳ ಗಟ್ಟಿಯಾದದ್ದು. ಚಾಂದ್ರಮಾನ ತಿಂಗಳ ಮೊದಲ ಮತ್ತು ಹದಿನೈದನೆಯ ದಿನ, ಎಂದರೆ ಅಮಾವಾಸ್ಯೆ ಹುಣ್ಣಿಮೆಗಳ ಆಸುಪಾಸಿನಲ್ಲಿ, ಊರಿನ ಎಷ್ಟೋ ಮನೆಗಳಲ್ಲಿ ಮಾಂಸ ಮುಟ್ಟುವುದಿಲ್ಲ. ಎಂದಿನ ಅಂಗಡಿಗಳಲ್ಲಿ ಕೆಲವು ಆ ದಿನಗಳಲ್ಲಿ ಸಸ್ಯಾಹಾರವನ್ನೇ ಮಾರುತ್ತವೆ. ಮಠದ ಕ್ರಮ ಪಾಲಿಸುವ ಅಡುಗೆಮನೆಗಳಲ್ಲಿ ಈರುಳ್ಳಿ ಬೆಳ್ಳುಳ್ಳಿಯೂ ಇರುವುದಿಲ್ಲ. ಸಸ್ಯಾಹಾರಿಗಳು ಪಂಚಾಂಗ ನೋಡಿ ಹುವೆಗೆ ಹೋಗುವ ದಿನವನ್ನು ಗೊತ್ತುಮಾಡಿಕೊಂಡರೆ ಬೇರೆ ದಿನಗಳಲ್ಲಿ ಸಿಗುವುದರ ಎರಡರಷ್ಟು ಸಿಗುತ್ತದೆ ಎಂದರೆ ಉತ್ಪ್ರೇಕ್ಷೆಯೇನಲ್ಲ.

ನಮ್ಮ ಸಂಜೆಯನ್ನು ಉಳಿಸಿದ್ದು ಪತ್ನಿಯನ್ನು ಕೂರಿಸಿಕೊಂಡಿದ್ದ ಇನ್ನೊಬ್ಬ ಮಾರ್ಗದರ್ಶಿ. ವಿಶ್ವವಿದ್ಯಾಲಯದಲ್ಲಿ ಓದುತ್ತ, ಇಂಗ್ಲಿಷ್ ರೂಢಿಯಾಗಲೆಂದು ಸಂಜೆ ಈ ಕೆಲಸ ಮಾಡುತ್ತಿದ್ದ ಹುಡುಗಿ ಅವಳು. ಎರಡನೆಯ ನಿಲುಗಡೆ ಮುಗಿಯುತ್ತಿದ್ದಂತೆ ಅವಳು ಫೋನಿನಲ್ಲಿ ಯಾರೊಡನೆಯೋ ಮಾತಾಡಿ, ಪಟ್ಟಿಯಲ್ಲಿಲ್ಲದ ಗಲ್ಲಿಯೊಂದಕ್ಕೆ ಬೈಕ್ ತಿರುಗಿಸಿದಳು. ಅದೊಂದು ಮನೆಯ ಮುಂಗೋಣೆ. ನಾಲ್ಕು ಪ್ಲಾಸ್ಟಿಕ್ ಸ್ಟೂಲು, ಗೋಡೆಯ ಮೇಲೆ ಬುದ್ಧನ ಪಟ, ಒಲೆಯ ಮುಂದೆ ಎಪ್ಪತ್ತು ದಾಟಿದ ಹೆಂಗಸು. ಹುಡುಗಿ ಆಕೆಯನ್ನು ಹುವೆಯ ಮಾತಿನ ರೂಢಿಯಂತೆ ಮೆ, ಎಂದರೆ ಅಜ್ಜಿ ಎಂದು ಕೂಗಿ, ಇವರಿಗೆ ಮೀನಿನ ರಸವೂ ಬೇಡ, ಮೊಟ್ಟೆಯೂ ಬೇಡ ಎಂದು ಹೇಳಿದಳಂತೆ. ಅದಕ್ಕೆ ಅಜ್ಜಿ ಸ್ವಲ್ಪ ಸಿಟ್ಟಿನಿಂದಲೇ ಏನೋ ಅಂದರು. ಏನೆಂದು ನನ್ನ ಪತ್ನಿ ಕೇಳಿದಾಗ ಹುಡುಗಿ ನಗುತ್ತ ಹೇಳಿದಳು: ‘ಅಕ್ಕಾ, ನನ್ನ ಒಲೆಯ ಮೇಲೆ ಮೀನಿನ ರಸ ಇಟ್ಟದ್ದನ್ನು ನೀನು ಯಾವತ್ತು ಕಂಡೆ ಅಂತ ನನ್ನನ್ನೇ ಬೈಯುತ್ತಿದ್ದಾರೆ.’ ಅಣಬೆ, ಹುರಿದ ತೋಫು, ಮಜ್ಜಿಗೆ ಹುಲ್ಲು, ಅನಾನಸ್ ಹಾಕಿ ಕುದಿಸಿದ ಸಸ್ಯಾಹಾರಿ ಬುನ್ ಬೊ ಅಲ್ಲಿ ಸಿಕ್ಕಿತು. ನನ್ನ ಬಟ್ಟಲಿಗಿಂತ ಅದೇ ಚೆನ್ನಾಗಿತ್ತು ಎಂಬುದನ್ನು ಪತ್ನಿಯ ಬಟ್ಟಲಿಗೆ ಚಮಚ ಹಾಕಿ ಖಚಿತಪಡಿಸಿಕೊಂಡೆ.

ಅಂದರೆ ಅದೇ ಸಂಸ್ಥೆ, ಅದೇ ದರ, ಅದೇ ಸಂಜೆ. ಪಟ್ಟಿಗೆ ಅಂಟಿಕೊಂಡವರ ಹಿಂದೆ ಕುಳಿತರೆ ಒಂದು ಅನುಭವ, ಪಟ್ಟಿ ಬಿಟ್ಟು ಯೋಚಿಸುವವರ ಹಿಂದೆ ಕುಳಿತರೆ ಇನ್ನೊಂದು. ಕಾದಿರಿಸುವ ಮೊದಲು ಹಿಂದಿನ ಗಿರಾಕಿಗಳ ಅಭಿಪ್ರಾಯಗಳಲ್ಲಿ ಮಾರ್ಗದರ್ಶಿಗಳ ಹೆಸರು ಹುಡುಕಿ, ಇಂಥವರೇ ಬೇಕೆಂದು ಕೇಳಿ. ಬಹಳಷ್ಟು ಸಂಸ್ಥೆಗಳು ಒಪ್ಪುತ್ತವೆ. ಸಸ್ಯಾಹಾರಿಗಳು ನಿಲುಗಡೆಗಳ ಪಟ್ಟಿಯನ್ನೇ ಮುಂಚಿತವಾಗಿ ಬರಹದಲ್ಲಿ ತರಿಸಿಕೊಂಡು, ಒಂದೊಂದರಲ್ಲೂ ತಮಗೆ ಏನು ಸಿಗುತ್ತದೆ ಎಂದು ಕೇಳಬೇಕು. ಉತ್ತರದಲ್ಲಿ ಸಲಾಡ್ ಎಂಬ ಪದ ಎರಡು ಸಲ ಬಂದರೆ ಬೇರೆ ಸಂಸ್ಥೆ ನೋಡಿಕೊಳ್ಳುವುದು ಲೇಸು. ಗುಂಪು ದೊಡ್ಡದಿದ್ದಷ್ಟೂ ಪಟ್ಟಿಯಿಂದ ಅತ್ತಿತ್ತ ಸರಿಯುವುದು ಕಷ್ಟ, ನಾಲ್ಕು ಬೈಕಿಗಿಂತ ಹೆಚ್ಚಿನ ಗುಂಪು ಬೇಡ.

ಶುಚಿತ್ವದ ಬಗ್ಗೆ ಬಹಳ ಜನ ಹೆದರುತ್ತಾರೆ. ಕುದಿಯುವ ಸಾರು, ಎದುರಿನಲ್ಲೇ ಕರಿದದ್ದು, ಹಬೆಯಿಂದ ಇಳಿಸಿ ಎಲೆ ಬಿಚ್ಚಿದ್ದು, ಇವುಗಳಿಗೆ ಅಂಜಬೇಕಿಲ್ಲ. ಮಧ್ಯೆ ತೂತಿರುವ ಕೊಳವೆಯಾಕಾರದ ಐಸ್ ಕಾರ್ಖಾನೆಯಲ್ಲಿ ತಯಾರಾದದ್ದು, ಅದೂ ಸಾಮಾನ್ಯವಾಗಿ ಸರಿ. ಹಸಿ ಸೊಪ್ಪಿನ ಬುಟ್ಟಿಯೇ ಸ್ವಲ್ಪ ಯೋಚಿಸಬೇಕಾದದ್ದು. ಹೊಟ್ಟೆ ಸೂಕ್ಷ್ಮವಿರುವವರು ಅದನ್ನು ಬಿಡಬಹುದು, ಬಿಟ್ಟರೆ ರುಚಿಯೂ ಅರ್ಧ ಬಿಟ್ಟುಹೋಗುತ್ತದೆ. ಮೊಣಕಾಲು ನೋವಿರುವವರಿಗೆ ಆ ಗಿಡ್ಡ ಸ್ಟೂಲುಗಳು ಸಂಕಟ, ಸಂಜೆಯೆಲ್ಲ ಎದ್ದು ಕೂರುವುದೇ ಕೆಲಸ. ತಿಂಡಿಯ ಹಣ ಪ್ರವಾಸದ ದರದಲ್ಲೇ ಸೇರಿರುತ್ತದೆ, ಹಾಗಾಗಿ ಜೇಬಿಗೆ ಕೈಹಾಕುವ ಪ್ರಸಂಗ ಕಡಿಮೆ. ಆದರೆ ಮಾರ್ಗದರ್ಶಿಗೆ ಇನಾಮು ಕೊಡುವಾಗ ದೀಪದ ಬೆಳಕಿನಲ್ಲಿ ನೋಟನ್ನು ಸರಿಯಾಗಿ ನೋಡಿಕೊಳ್ಳಿ. ಇಪ್ಪತ್ತು ಸಾವಿರದ ನೋಟೂ ನೀಲಿ, ಐದು ಲಕ್ಷದ ನೋಟೂ ನೀಲಿ, ಎರಡರ ಮೇಲೂ ಹೋ ಚಿ ಮಿನ್ ಅವರ ಚಿತ್ರವೇ. ಇನಾಮು ಕಡ್ಡಾಯವಲ್ಲ. ನಾವು ಆ ಹುಡುಗಿಗೆ ಸಂತೋಷದಿಂದ ಕೊಟ್ಟೆವು.

ಕಾಲದ ಆಯ್ಕೆಗೂ ಗಮನ ಬೇಕು. ಹುವೆಯಲ್ಲಿ ಸೆಪ್ಟೆಂಬರಿನಿಂದ ಡಿಸೆಂಬರಿನವರೆಗೆ ಮಳೆ ಧೋ ಎಂದು ಸುರಿಯುತ್ತದೆ, ಅಕ್ಟೋಬರ್ ನವೆಂಬರಿನಲ್ಲಿ ನದಿ ಉಕ್ಕಿ ರಸ್ತೆಗೆ ಬರುವುದೂ ಉಂಟು. ಸಾಧಾರಣ ಮಳೆಗೆ ಪ್ರವಾಸ ರದ್ದಾಗುವುದಿಲ್ಲ. ಒಂದೇ ಹೊದಿಕೆಗೆ ಎರಡು ತಲೆಗೂಡುಗಳನ್ನು ಹೊಲಿದು, ಮುಂಭಾಗದಲ್ಲಿ ಬೈಕಿನ ದೀಪ ಕಾಣಲೆಂದು ಪಾರದರ್ಶಕ ತುಂಡು ಹಚ್ಚಿದ ಮಳೆಯಂಗಿಯನ್ನು ಸವಾರರಿಬ್ಬರ ಮೇಲೂ ಎಳೆದು ಹೊರಟೇಬಿಡುತ್ತಾರೆ. ಜೂನ್ ಜುಲೈನಲ್ಲಿ ಬಿಸಿಲು ಸುಡುತ್ತದೆ, ಆಗ ಸಂಜೆಯ ಪ್ರವಾಸವೇ ವಾಸಿ. ಫೆಬ್ರವರಿಯ ಕೊನೆಯಿಂದ ಏಪ್ರಿಲ್‌ವರೆಗಿನ ಹವೆ ಹಿತವಾದದ್ದು. ಜನವರಿ ಕೊನೆಗೋ ಫೆಬ್ರವರಿಗೋ ಬರುವ ತೆತ್ ಹೊಸವರ್ಷದ ದಿನಗಳಲ್ಲಿ ಮಾತ್ರ ಕಾದಿರಿಸಬೇಡಿ: ಬೀದಿ ಅಂಗಡಿಯವರು ಹೆಚ್ಚಿನವರು ಬಾಗಿಲು ಹಾಕಿ ಊರಿಗೆ ಹೋಗಿರುತ್ತಾರೆ, ತೆರೆದಿರುವ ಕೆಲವರು ಹಬ್ಬದ ದರ ಹೇಳುತ್ತಾರೆ, ಪ್ರವಾಸಿ ಸಂಸ್ಥೆಗಳು ಮಾತ್ರ ಆಗಲೂ ಬುಕಿಂಗ್ ತೆಗೆದುಕೊಳ್ಳುತ್ತಲೇ ಇರುತ್ತವೆ.